ಕೋಲಿನ ಬುಡದ ಕಡುಬು

ಹೊಸಬಾಳೆ, ಸೊರಬ ತಾಲ್ಲೂಕು
೧೧ ಅಕ್ಟೋಬರ್ ೨೦೨೩

ಮೈತ್ರಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ಇಲ್ಲದಿದ್ದರೆ ಕೊನೆಯವರೆಗೂ ನೀನು ಅದನ್ನೇ ಹುಡುಕುತ್ತ ಓದುತ್ತೀಯ.

ಫೋನು ಮಾಡಿದರೆ ಅವ್ವ ಎತ್ತುವುದಿಲ್ಲ ಎಂದು ನಿಮ್ಮಪ್ಪನ ಹತ್ತಿರ ದೂರು ಹೇಳಿದೆಯಂತೆ. ಹೌದು, ಎತ್ತುವುದಿಲ್ಲ. ಕಳೆದ ತಿಂಗಳು ನಾನು ಅರ್ಧ ಮಾತು ಆಡುವಷ್ಟರಲ್ಲಿ ನೀನು "ಅವ್ವಾ, ಸಿಗ್ನಲ್ ಇಲ್ಲ" ಎಂದು ಇಟ್ಟುಬಿಟ್ಟೆ. ಕೆರೆಯ ಕೆಳಗೆ ಸಿಗ್ನಲ್ ಇಲ್ಲದಿರುವುದು ನನಗೂ ಗೊತ್ತು. ಆದರೆ ಅವತ್ತು ನಾನು ಸೊರಬದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲು ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ಬರೆಯಬಲ್ಲೆ. ನೀನೂ ಬರೆದೇ ಉತ್ತರ ಕೊಡು.

ಅವತ್ತು ಹೇಳಬೇಕಾಗಿದ್ದದ್ದು ಇಷ್ಟೇ: ಕೆಲಸ ಬಿಟ್ಟು ಮಲಗು. ಏಳನೇ ತಿಂಗಳು ಬಿದ್ದಿದೆ. ಈಗಾಗಲೇ ಎರಡು ಸಲ ಕೈತಪ್ಪಿದೆ. ಮಂಚ ಬಿಟ್ಟು ಇಳಿಯಬೇಡ ಎಂದು ಡಾಕ್ಟರಮ್ಮ ಹೇಳಿದ ಮೇಲೂ ನೀನು ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೀಯಂತೆ. ಅಳಿಯಂದಿರು ಬಾಯಿಬಿಟ್ಟರು. ನವೀನ್ ಅವರನ್ನು ಬೈಯಬೇಡ; ನಾನು ಕೇಳಿದ ರೀತಿಗೆ ಯಾರಾದರೂ ಬಾಯಿಬಿಡುತ್ತಿದ್ದರು.

ಇನ್ನು ಮಣ್ಣಿನ ತೇವ ನೋಡುವ ನಿನ್ನ ಕೋಲುಗಳ ವಿಷಯ. ನಾಟಿಯಾದ ಮೇಲೆ ನೀನು ಬಂದು ಕೆರೆ ಕೆಳಗಿನ ಗದ್ದೆಗೊಂದರಂತೆ ನೆಟ್ಟು ಹೋದವು ನೆಟ್ಟ ಹಾಗೇ ಇವೆ. ತೂಬಿನ ಮನೆಯಲ್ಲಿ ನೀನಿಟ್ಟ ಪೆಟ್ಟಿಗೆ ಕೆಂಪು ಲೈಟು ತೋರಿಸಿದ ಗದ್ದೆಗೆ ನೀರುಗಂಟಿ ಗುಡ್ಡಪ್ಪ ನೀರು ತಿರುಗಿಸುತ್ತಾನೆ, ಹಸಿರು ತೋರಿಸಿದ್ದನ್ನು ಬಿಡುತ್ತಾನೆ. ಅವನಿಗೆ ಒಳಗೊಳಗೇ ಸಿಟ್ಟು. "ಅಕ್ಕಾರೆ, ಇಷ್ಟು ವರ್ಷ ಗದ್ದೆಗೆ ಕಾಲಿಟ್ಟು ನೆಲ ನೋಡ್ದೆ. ಈಗ ಲೈಟು ನೋಡು ಅಂತೀರಿ" ಎಂದ. "ಕಾಲಿಗೆ ರಜೆ ಸಿಕ್ತಲ್ಲ, ಸುಮ್ನಿರು" ಎಂದೆ.

ಆದರೆ ಒಂದು ತಿಳಿದಿರು. ಈ ವರ್ಷ ಮಳೆ ಕೈಕೊಟ್ಟು ಕೆರೆ ಅರ್ಧವೂ ತುಂಬಿಲ್ಲ. ಕೆರೆ ಸಮಿತಿಯ ಜಯಪ್ಪ ಈ ಒಂದು ಬೆಳೆಗೆ ಮಾತ್ರ ಕೋಲು ನೆಡಲು ಒಪ್ಪಿದ್ದು. ಅವತ್ತು ಸಭೆಯಲ್ಲಿ ಎದ್ದು ನಿಂತು, "ಪೆಟ್ಟಿಗೆ ಹೇಳಿದ್ದೇ ಕೊನೆ. ನಂಗೊಂದಿಷ್ಟು ಹೆಚ್ಚಿಗೆ ಬಿಡಿ ಅಂತ ಯಾರೂ ಕೈ ಮುಗೀಬಾರ್ದು, ನಾನೂ ಮುಗಿಯಲ್ಲ" ಎಂದವಳು ನಾನು. ಆ ಮಾತು ಕೆಳಗೆ ಬೀಳದಂತೆ ನೋಡಿಕೋ.

ಭೂಮಿ ಹುಣ್ಣಿಮೆಗೆ ನೀನು ಬರುವ ಹಾಗಿಲ್ಲ. ಹುಣ್ಣಿಮೆಯ ದಿನವೇ ಗ್ರಹಣ ಬೇರೆ. ಒಳಗೇ ಇರು.

ಉಚ್ಚಂಗಮ್ಮ


ಶಿಕಾರಿಪುರ
೧೮ ಅಕ್ಟೋಬರ್ ೨೦೨೩

ಅವ್ವನಿಗೆ,

ಸಿಗ್ನಲ್ ಇತ್ತು, ಒಪ್ಪಿದೆ. ಹಿಂದಿನ ಎರಡು ಸಲದ ಮಾತನ್ನು ನೀನು ಎತ್ತುವುದರಲ್ಲಿದ್ದೆ. ನನಗೆ ಕೇಳಲು ಆಗಲಿಲ್ಲ.

ಮಲಗಿದ್ದೇನೆ. ಎಡಮಗ್ಗುಲಿಗೇ ಮಲಗಬೇಕಂತೆ. ಸುಮ್ಮನೆ ಮಲಗಿದರೆ ಯೋಚನೆ ಬರುತ್ತದೆ. ಅದು ಬಾರದಿರಲಿ ಎಂದೇ ಲ್ಯಾಪ್‌ಟಾಪ್.

ಗುಡ್ಡಪ್ಪಣ್ಣನಿಗೆ ಹೀಗೆ ಹೇಳು. ಕೋಲುಗಳು ಹೆಚ್ಚಿನ ಹೊತ್ತು ನಿದ್ದೆಯಲ್ಲೇ ಇರುತ್ತವೆ. ಆಗಾಗ ಎದ್ದು, ಬುಡದ ಮಣ್ಣಿನ ತೇವ ನೋಡಿ, ಪಕ್ಕದ ಗದ್ದೆಯ ಕೋಲಿಗೆ ಪಿಸುಗುಟ್ಟಿ ಮತ್ತೆ ಮಲಗುತ್ತವೆ. ದೂರಕ್ಕೆ ಕೂಗಿದರೆ ಬ್ಯಾಟರಿ ಬೇಗ ತೀರುತ್ತದೆ, ಅದಕ್ಕೇ ಪಿಸುಮಾತು. ಒಂದರಿಂದ ಒಂದಕ್ಕೆ ದಾಟಿ ಸುದ್ದಿ ತೂಬಿನ ಮನೆಯ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆ ಅಲ್ಲೇ ಲೆಕ್ಕ ಹಾಕಿ ಲೈಟು ಹೊತ್ತಿಸುತ್ತದೆ. ಬೆಂಗಳೂರಿನ ಯಾವುದೋ ಕಂಪ್ಯೂಟರನ್ನು ಕೇಳಿ ಕಾಯುತ್ತ ಕೂರುವುದಿಲ್ಲ. ಇಂಟರ್‌ನೆಟ್ ಇಲ್ಲದ ನಮ್ಮ ಕೆರೆಗೆ ಅದೇ ಸರಿ. ಇದಕ್ಕೆ ಫಾಗ್ ಕಂಪ್ಯೂಟಿಂಗ್ ಅನ್ನುತ್ತೇವೆ. ಫಾಗ್ ಅಂದರೆ ಮಂಜು. ಮೋಡದ ಹಾಗೆ ಎಲ್ಲೋ ಮೇಲಲ್ಲ, ಪೈರಿಗೆ ತಾಗಿಕೊಂಡೇ ಇರುವ ಬುದ್ಧಿ.

ಮಣ್ಣಿನ ತೇವ ಬದಲಾಗದೆ ಒಂದೇ ಸಮ ಇದ್ದರೆ ಕೋಲು ಇನ್ನೂ ಹೆಚ್ಚು ಹೊತ್ತು ಮಲಗುತ್ತದೆ. ಕೊಯ್ಲಿನವರೆಗೆ ಬ್ಯಾಟರಿ ಬರಬೇಕಲ್ಲ. ನಮ್ಮ ಗದ್ದೆಯ ಕೋಲನ್ನು ಮಾತ್ರ ಯಾರೂ ಕೀಳದಂತೆ ನೋಡಿಕೋ. ಮೇಲಿನ ಸಾಲಿನ ಗದ್ದೆಗಳ ಸುದ್ದಿಯೆಲ್ಲ ಅದನ್ನೇ ದಾಟಿ ಬರಬೇಕು.

ಈ ಬೆಳೆ ನೆಟ್ಟಗಾದರೆ ಮುಂದಿನ ವರ್ಷ ನಿನ್ನ ತವರು ಉಡುತಡಿಯ ಕಡೆಗೂ ಇದನ್ನು ಹಾಕುವ ಮಾತಿದೆ. ಕೆಟ್ಟರೆ ಇಲ್ಲಿಗೇ ಮುಗಿಯುತ್ತದೆ.

ಹಬ್ಬಕ್ಕೆ ಕೊಟ್ಟೆ ಕಡುಬು ತಾನೇ ಮಾಡುತ್ತೇನೆ ಎಂದು ಇವರು ಹೊರಟಿದ್ದಾರೆ. ನನಗೆ ಗ್ರಹಣಕ್ಕಿಂತ ಅದರದ್ದೇ ಭಯ.

ಮೈತ್ರಿ


ಹೊಸಬಾಳೆ
೩೦ ಅಕ್ಟೋಬರ್ ೨೦೨೩

ಮೈತ್ರಿಗೆ,

ಹುಣ್ಣಿಮೆ ಮುಗಿಯಿತು, ಗ್ರಹಣವೂ ಬಿಟ್ಟಿತು. ನೀನು ಹೊರಗೆ ಬರಲಿಲ್ಲ ಎಂದು ಅಳಿಯಂದಿರು ಹೇಳಿದರು. ನಂಬಿದ್ದೇನೆ.

ಪೈರು ಒಳಗೇ ತೆನೆ ಕಟ್ಟಿ, ಹೊಡೆ ತುಂಬಿಕೊಂಡು ನಿಂತಿದೆ. ಬಸುರಿ ಭೂಮಿಗೆ ಬಯಕೆ ಉಣ್ಣಿಸುವ ಹಬ್ಬ ಇದು. ಮನೆಯಲ್ಲಿ ಬಸುರಿ ಮಗಳಿದ್ದರೆ ಅವಳ ಹೆಸರಿನಲ್ಲೂ ಒಂದು ಕಡುಬನ್ನು ಗದ್ದೆಯಲ್ಲಿ ಹೂಳುವುದು ನಮ್ಮಲ್ಲಿ ನಡೆದುಬಂದದ್ದು. ಹಿಂದಿನ ಎರಡು ಸಲವೂ ಈ ಹುಣ್ಣಿಮೆ ಬರುವ ಮೊದಲೇ ಎಲ್ಲ ಮುಗಿದುಹೋಗಿತ್ತು. ಈ ಸಲ ಹುಣ್ಣಿಮೆ ಮುಟ್ಟಿದ್ದೀಯ.

ಪ್ರತಿ ವರ್ಷ ಗದ್ದೆಯ ಮೂಲೆಯಲ್ಲಿ ಐದು ಬುಡ ಪೈರು ಕೂಡಿಸಿ ಸೀರೆ ಉಡಿಸುತ್ತಿದ್ದೆವು. ಈ ಸಲ ನಾನು ನಡು ಗದ್ದೆಗೆ ಇಳಿದು, ನಿನ್ನ ಕೋಲಿನ ಸುತ್ತಲಿನ ಪೈರನ್ನು ಕೋಲಿಗೇ ಸೇರಿಸಿ ಕಟ್ಟಿ ಸೀರೆ ಉಡಿಸಿದೆ. ಆ ಗದ್ದೆಯಲ್ಲಿ ನೀನು ಕೈಯಾರೆ ನೆಟ್ಟದ್ದು ಅದೊಂದೇ. ಹಸಿರು ಬಳೆ ತೊಡಿಸಿ, ಅರಿಶಿನದ ಕೊಂಬಿನ ತಾಳಿ ಕಟ್ಟಿದೆ. ಬುಟ್ಟಿ ಹೊತ್ತು ತಂದ ನಿಮ್ಮಪ್ಪ ಅಂಚಿನ ಮೇಲೆ ನಿಂತು, "ಅದು ಮೆಷಿನ್ನು ಕಣೆ. ಅದಕ್ಕೂ ತಾಳಿ ಕಟ್ತೀಯಾ?" ಎಂದರು.

"ನಿಮಗೆ ಬಾಸಿಂಗ ಕಟ್ಟಿರ್ಲಿಲ್ವಾ? ಇದಕ್ಕೇನು ಕಮ್ಮಿ?" ಎಂದೆ. ಅವರು ಬುಟ್ಟಿ ಇಳಿಸಿ ಕಡುಬು ತೆಗೆದುಕೊಟ್ಟರು.

ಕಡುಬನ್ನು ಬಾಳೆಲೆಯಲ್ಲಿ ಸುತ್ತಿ ಕೋಲಿನ ಬುಡಕ್ಕೆ ಒತ್ತಿ ಹೂತೆ. ಸೊಪ್ಪುಗಳನ್ನೆಲ್ಲ ಬೇಯಿಸಿದ ಹಚ್ಚಂಬಲಿಯನ್ನು ಅದರ ಮೇಲೆ ಸುರಿದೆ. ಕೋಲನ್ನು ಒಂದಿಷ್ಟೂ ಅಲುಗಿಸಲಿಲ್ಲ, ನೀನು ಬರೆದದ್ದು ನೆನಪಿತ್ತು. ಕಾಲುವೆಯ ಆಚೆಯಿಂದ ಗುಡ್ಡಪ್ಪ, "ಅಕ್ಕಾರೆ, ನೀರು ಬಿಡಾಕೆ ಅದಕ್ಕೆ ಲಂಚ ಕೊಡ್ತಿದೀರಾ?" ಎಂದು ಕೂಗಿದ. "ನಿಂಗೆ ಇಕ್ಕಿದ್ದು ಸಾಲ್ಲಿಲ್ವಾ? ಬಾ, ಇನ್ನೆರಡು ಇಕ್ತೀನಿ" ಎಂದೆ. ಬಂದ. ಎರಡಲ್ಲ, ಬುಟ್ಟಿಯ ತಳ ಕಂಡಿತು.

ಹೂತದ್ದನ್ನು ಇನ್ನು ತೆಗೆಯುವುದು ಕೊಯ್ಲಿನ ದಿನ. ಅಲ್ಲಿಯವರೆಗೆ ಆ ಜಾಗವನ್ನು ಮುಟ್ಟುವ ಹಾಗಿಲ್ಲ. ನಿನ್ನ ಕೆಲಸ ಮಲಗುವುದು. ಇಲ್ಲಿಯದು ನನಗಿರಲಿ.

ಉಚ್ಚಂಗಮ್ಮ


ಶಿಕಾರಿಪುರ
೪ ನವೆಂಬರ್ ೨೦೨೩

ಅವ್ವಾ,

ನಿನ್ನ ಕಾಗದ ಓದಿ ಎದ್ದು ಕೂತುಬಿಟ್ಟೆ. ಬೈಯಬೇಡ, ಮತ್ತೆ ಮಲಗಿಯೇ ಬರೆಯುತ್ತಿದ್ದೇನೆ.

ಕೋಲಿನ ನಾಲಿಗೆ ಇರುವುದೇ ಬುಡದಲ್ಲಿ. ಬಾಳೆಲೆಯಲ್ಲಿ ಸುತ್ತಿದ ಕಡುಬಿನ ತೇವ ಸುಲಭಕ್ಕೆ ಆರುವುದಿಲ್ಲ. ಈಗ ಆ ಕೋಲು ಗದ್ದೆಯನ್ನು ನೋಡುತ್ತಿಲ್ಲ, ಕಡುಬನ್ನು ನೋಡುತ್ತಿದೆ. ನೋಡಿದಾಗಲೆಲ್ಲ ಅಷ್ಟೇ ತೇವ ಕಂಡು, ಎಲ್ಲ ಸರಿಯಿದೆ ಎಂದುಕೊಂಡು, ಇನ್ನೂ ಗಾಢ ನಿದ್ದೆಗೆ ಬಿದ್ದಿರುತ್ತದೆ. ಪೆಟ್ಟಿಗೆ ನಮ್ಮ ಗದ್ದೆಗೆ ಹಸಿರು ಲೈಟನ್ನೇ ತೋರಿಸುತ್ತದೆ, ನಮ್ಮ ಸರದಿ ಬರುವುದೇ ಇಲ್ಲ. ಹೊಡೆ ಒಡೆಯುವ ಹೊತ್ತಿಗೆ ನೀರಿಲ್ಲದಿದ್ದರೆ ಬರೀ ಜೊಳ್ಳಾಗುತ್ತದೆ ಎನ್ನುವುದನ್ನು ನಾನು ನಿನಗೆ ಹೇಳಬೇಕೇ?

ದಯವಿಟ್ಟು ಕಡುಬು ತೆಗೆ. ಇಲ್ಲವೇ ಕೋಲನ್ನು ಕಿತ್ತು ಒಂದು ಮಾರು ಆಚೆ ನೆಡಿಸು. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ, "ನಿಮ್ಮವ್ವನ್ನ ಕೇಳು, ನಾನು ಬರೀ ಬುಟ್ಟಿ ಹೊರೋನು" ಅಂದರು.

ಮೈತ್ರಿ


ಹೊಸಬಾಳೆ
೯ ನವೆಂಬರ್ ೨೦೨೩

ಮೈತ್ರಿಗೆ,

ಆಗುವುದಿಲ್ಲ.

ಗದ್ದೆಗೆ ಹೋಗಿ ನೋಡಿದೆ. ನೀನು ಬರೆದದ್ದು ನಿಜ. ಸರದಿಯ ನೀರು ನಮ್ಮ ಅಂಚಿನ ಪಕ್ಕದಲ್ಲೇ ಹಾದು ಕೆಳಗಿನವರಿಗೆ ಹೋಗಿದೆ. ನಮ್ಮ ನೆಲ ಬಿರಿಯಲು ಶುರುವಾಗಿದೆ, ಎಲೆ ಸುರುಳಿ ಸುತ್ತಿಕೊಂಡಿದೆ. ಗುಡ್ಡಪ್ಪನಿಗೂ ಕಂಡಿದೆ. ಹತ್ತಿರ ಬಂದು ದನಿ ತಗ್ಗಿಸಿ, "ಸುಮ್ನೆ ಅಂಚಿಗೆ ಒಂದು ಗಂಡಿ ಕಡಿದು ನೀರು ಬಿಡ್ತೀನಿ ಅಕ್ಕಾರೆ. ಯಾರು ನೋಡ್ತಾರೆ?" ಎಂದ.

"ನಾನು ನೋಡ್ತೀನಿ" ಎಂದೆ.

ಸಭೆಯಲ್ಲಿ ಆಡಿದ ಮಾತು ನನ್ನದು. ಆ ಗದ್ದೆ ಹೋದರೆ ಹೋಗಲಿ, ಮುಂದಿನ ವರ್ಷ ಮತ್ತೆ ನಾಟಿ ಮಾಡುತ್ತೇನೆ. ಮನೆಯ ಊಟಕ್ಕೆ ಮೇಲಿನ ಗದ್ದೆಯ ಭತ್ತ ಸಾಕು. ಆದರೆ ನಿನ್ನ ಹೆಸರಿನಲ್ಲಿ ಹೂತದ್ದನ್ನು ನಡುವೆ ಅಗೆಯಲು ನನ್ನ ಕೈ ಏಳುವುದಿಲ್ಲ. ತಾಳಿ ಕಟ್ಟಿದ ಕೋಲನ್ನು ಕೀಳುವುದೂ ಇಲ್ಲ. ಇದು ಮೂಢನಂಬಿಕೆ ಎಂದು ಬರೆಯುತ್ತೀಯ. ಬರೆ. ನೀನು ಅಲ್ಲಿ ಮಲಗಿ ಕಾಯುತ್ತಿರುವುದನ್ನು ಇಲ್ಲಿಂದ ಕಾಯಲು ನನಗಿರುವುದು ಅದೊಂದೇ.

ಊಟ ಬಿಡಬೇಡ. ಕಬ್ಬಿಣದ ಮಾತ್ರೆಯನ್ನೂ ಬಿಡಬೇಡ.

ಉಚ್ಚಂಗಮ್ಮ


ಶಿಕಾರಿಪುರ
೧೩ ನವೆಂಬರ್ ೨೦೨೩

ಅವ್ವಾ,

ಮೂಢನಂಬಿಕೆ ಎಂದು ಬರೆಯುವುದಿಲ್ಲ. ನಿನ್ನ ಕಾಗದ ಬರುವ ಮೊದಲೇ ನನಗೂ ಹಾಗೇ ಅನ್ನಿಸತೊಡಗಿತ್ತು. ನಿನಗೆ ತೆಗೆ ಎಂದು ಬರೆದು ಅಂಚೆಗೆ ಹಾಕಿಸಿದ ಮೇಲೆ, ನೀನು ತೆಗೆಯದಿದ್ದರೆ ಸಾಕು ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗಿದ್ದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು ಬರೆಯುವ ಮಾತಲ್ಲ ಇದು. ಇವರಿಗೆ ಹೇಳಬೇಡ.

ಅಗೆಯುವುದು ಬೇಡ, ಕೀಳುವುದೂ ಬೇಡ. ತೇವ ನೋಡುವ ಕೆಲಸವನ್ನು ಆ ಕೋಲಿಗೆ ಬಿಡಿಸಿಬಿಡೋಣ. ಮೇಲಿನ ಸಾಲಿನ ಸುದ್ದಿ ದಾಟಿಸಿಕೊಂಡು, ಮಿಕ್ಕ ಹೊತ್ತು ಕೊಯ್ಲಿನವರೆಗೆ ಮಲಗಿರಲಿ. ನಮ್ಮ ಆಫೀಸಿನ ಗಣೇಶ್ ಇನ್ನೊಂದು ಕೋಲು ತಂದು ಅದೇ ಗದ್ದೆಯಲ್ಲಿ ಆಚೆ ನೆಡುತ್ತಾನೆ. ಪೆಟ್ಟಿಗೆ ಇನ್ನು ಮೇಲೆ ಅದರ ಮಾತು ಕೇಳುತ್ತದೆ.

ಆದರೆ ಪೆಟ್ಟಿಗೆಯ ಲೆಕ್ಕವನ್ನು ಸಮಿತಿಗೆ ತಿಳಿಸದೆ ಬದಲಿಸುವಂತಿಲ್ಲ. ಮೊದಲ ದಿನವೇ ಹಾಗೆಂದು ಮಾತಾಗಿದೆ. ಕದ್ದು ಮಾಡಿದರೆ ಮಗಳು ತವರಿನ ಗದ್ದೆಗೆ ನೀರು ತಿರುಗಿಸಿಕೊಂಡಳು ಅನ್ನುತ್ತಾರೆ. ಯಾಕೆ ಬದಲಿಸಬೇಕು ಎಂದು ಅವರು ಕೇಳುತ್ತಾರೆ, ನೀನು ಹೇಳಬೇಕು. ಜಯಪ್ಪ ಮಾವನ ಎದುರಿಗೆ. ನಿನಗೆ ಗದ್ದೆ ಕಳೆದುಕೊಳ್ಳುವುದಕ್ಕಿಂತ ಅದು ಕಷ್ಟ ಎಂದು ಗೊತ್ತು. ನಾನೇ ಬಂದು ಹೇಳುತ್ತಿದ್ದೆ. ಬರಲಾರೆ, ಅವ್ವ.

ಗಣೇಶ್ ಗುರುವಾರ ಬರುತ್ತಾನೆ.

ಮೈತ್ರಿ


ಹೊಸಬಾಳೆ
೧೭ ನವೆಂಬರ್ ೨೦೨೩

ಮೈತ್ರಿಗೆ,

ಹೇಳಿದೆ. ನೀರು ಬಂತು. ಮೊದಲು ಇದನ್ನು ತಿಳಿದು ಸಮಾಧಾನ ಮಾಡಿಕೋ, ಆಮೇಲೆ ಉಳಿದದ್ದು ಓದು.

ನಿನ್ನೆ ತೂಬಿನ ಮನೆಯ ಮುಂದೆ ಸಭೆ ಸೇರಿಸಿದರು. ನಾನು ಇಳಕಲ್ ಸೀರೆ ಉಟ್ಟು ಹೋದೆ. ತಪ್ಪು ಒಪ್ಪಿಕೊಳ್ಳಲು ಹೋಗುವಾಗ ಹಳೆ ಸೀರೆ ಉಡುವವಳಲ್ಲ ನಾನು. ಏರಿಯ ಮೇಲೆ ನನ್ನನ್ನು ಕಂಡ ಕೂಡಲೇ ಜಯಪ್ಪ, "ಏನ್ರೀ ಉಚ್ಚಂಗಮ್ಮಾರೆ, ಕೈ ಮುಗಿಯಾಕೆ ಬಂದ್ರಾ?" ಎಂದ.

"ಮುಗಿಯೋಕಲ್ಲ, ಹೇಳೋಕೆ ಬಂದೆ" ಎಂದೆ. ಹೇಳಿದೆ. ಯಾರ ಹೆಸರಿನಲ್ಲಿ ಹೂತೆ, ಎಲ್ಲಿ ಹೂತೆ, ಏನಾಯಿತು, ಎಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದೆ, ನಿಂತಿತು.

ಜಯಪ್ಪ ಗಡ್ಡ ಕೆರೆದುಕೊಂಡು, "ಅಂದ್ರೆ ನಿಮ್ಮ ಮಗಳ ಮೆಷಿನ್ನಿಗೆ ಗದ್ದೆ ಯಾವ್ದು, ಕಡುಬು ಯಾವ್ದು ಗೊತ್ತಾಗಲ್ಲ" ಎಂದ.

"ಗೊತ್ತಾಗಲ್ಲ. ಇಟ್ಟ ಜಾಗ ನೋಡ್ತದೆ, ಕಂಡಿದ್ದು ಹೇಳ್ತದೆ. ಅದರ ಬಾಯಿಗೆ ಕಡುಬು ತುರುಕಿದೋಳು ನಾನು. ತಪ್ಪು ಅದರದ್ದಲ್ಲ, ನಂದು."

ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಆ ಮಾತನ್ನು ನಾನು ಯಾರೆದುರೂ ಆಡಿದ್ದಿಲ್ಲ. ಹೆಂಗಸರು ಕೂತಿದ್ದ ಕಡೆಯಿಂದ ಪಕ್ಕದ ಗದ್ದೆಯ ಹೂವಮ್ಮ ಎದ್ದಳು.

"ಜಯಪ್ಪಣ್ಣ, ನಮ್ಮ ಕೋಲಿನ ಬುಡದಾಗೂ ಒಂದು ಐತೆ" ಎಂದಳು. "ಕೊಯ್ಲಲ್ಲಿ ಹುಡುಕೋದು ತಪ್ಪುತ್ತೆ, ಗುರುತಿಗೆ ಚೆನ್ನಾಗೈತೆ ಅಂತ ಅಲ್ಲೇ ಹೂತೆ."

ಎಲ್ಲರೂ ಅವಳತ್ತ ತಿರುಗಿದರು. ಅಷ್ಟರಲ್ಲಿ ಜಯಪ್ಪನ ಹೆಂಡತಿ ಲೋಕಮ್ಮ ಸೆರಗು ಸರಿಮಾಡಿಕೊಂಡು, ಕೂತಲ್ಲಿಂದಲೇ, "ಅವರಿವರ್ನ ಏನು ಕೇಳ್ತೀರಿ? ನಮ್ಮನೇದೂ ಅಲ್ಲೇ ಐತೆ" ಎಂದಳು.

ಗುಡ್ಡಪ್ಪ ಹಣೆ ಚಚ್ಚಿಕೊಂಡ. "ಅದಕ್ಕೇನಾ ಈ ಸಾಲು ಪೂರಾ ಹಸಿರು! ನಾನು ಲೈಟು ಕೆಟ್ಟೈತೆ ಅಂದ್ಕಂಡಿದ್ದೆ!"

ಆಗ ನಕ್ಕರು ನೋಡು, ಕೆರೆಯ ಕೊಕ್ಕರೆಗಳು ಎದ್ದು ಹಾರಿದವು. ನಾನು ನಗಲಿಲ್ಲ, ಆದರೆ ತಡೆಯಲೂ ಇಲ್ಲ. ಜಯಪ್ಪನ ಗದ್ದೆಯೂ ಒಣಗಿತ್ತಂತೆ. ಬೋರ್‌ವೆಲ್ಲಿನ ನೀರು ಹಾಯಿಸಿಕೊಂಡು ಸುಮ್ಮನಿದ್ದ. ಬೆಳೆ ಮುಗಿದ ಮೇಲೆ ಅದನ್ನೇ ಮುಂದಿಟ್ಟು ಕೋಲುಗಳನ್ನೆಲ್ಲ ಕೀಳಿಸುವ ಯೋಚನೆ ಅವನದು. ಈಗ ಅವನ ಹೆಂಡತಿಯೇ ಅವನ ಬಾಯಿ ಮುಚ್ಚಿಸಿದಳು.

ಗಣೇಶ್ ತಂದದ್ದು ಒಂದೇ ಕೋಲು. ಅದು ನಮ್ಮ ಗದ್ದೆಗೆಂದೇ ಬಂದದ್ದು, ಸಮಿತಿ ಒಪ್ಪಿದ ಮೇಲೆ ನಮ್ಮಲ್ಲೇ ನೆಟ್ಟು ಪೆಟ್ಟಿಗೆಯ ಲೆಕ್ಕ ಬದಲಿಸಿದರು. ಉಳಿದ ಕಡುಬಿನ ಗದ್ದೆಗಳನ್ನು ಕೊಯ್ಲಿನವರೆಗೆ ಗುಡ್ಡಪ್ಪ ಕಾಲಿಟ್ಟೇ ನೋಡುವುದೆಂದಾಯಿತು. ಮುಂದಿನ ವರ್ಷದಿಂದ ಹೂಳುವುದೆಲ್ಲ ಮೊದಲಿನ ಹಾಗೆ ಮೂಲೆಯಲ್ಲೇ. ಮುಂದಿನ ವರ್ಷ ಎಂದು ಜಯಪ್ಪನ ಬಾಯಿಂದಲೇ ಬಂತು. ಕೇಳಿಸಿತಾ?

ಸಂಜೆ ನಮ್ಮ ಗದ್ದೆಗೆ ಕೆಂಪು ಲೈಟು ಬಿತ್ತು. ಗುಡ್ಡಪ್ಪ ಗಂಡಿ ಕಡಿದ. ಬಿರುಕುಗಳಿಗೆ ನೀರು ಇಳಿಯುವಾಗ ನೆಲ ಬುಳುಬುಳು ಎಂದು ಗಾಳಿ ಬಿಡುತ್ತಿತ್ತು. ಕತ್ತಲಾಗುವವರೆಗೆ ಅಂಚಿನ ಮೇಲೆ ಕೂತು ಅದನ್ನೇ ಕೇಳಿದೆ. ಮನೆಗೆ ಬಂದಾಗ ನಿಮ್ಮಪ್ಪ "ಹೇಳಿದ್ಯಾ?" ಎಂದರು. "ಹೇಳಿದೆ" ಎಂದೆ. "ಉಣ್ಣು ಬಾ" ಎಂದರು. ತಾವೇ ಬಡಿಸಿದರು.

ಉಚ್ಚಂಗಮ್ಮ


ಹೊಸಬಾಳೆ
೨೦ ಡಿಸೆಂಬರ್ ೨೦೨೩

ಮೈತ್ರಿಗೆ,

ಕೊಯ್ಲಾಯಿತು. ಮೇಲಂಚಿನ ಕಡೆ ಒಂದಿಷ್ಟು ಜೊಳ್ಳು, ಉಳಿದದ್ದು ಗಟ್ಟಿ ಕಾಳು. ಬಣವೆ ಹಾಕಿದ್ದೇವೆ.

ನಿನ್ನ ಹೆಸರಿನದನ್ನು ನಾನೇ ಅಗೆದು ತೆಗೆದೆ. ಎಲೆ ಕಪ್ಪಾಗಿ ನಾರಿನಷ್ಟು ಉಳಿದಿತ್ತು, ಒಳಗೆ ಏನೂ ಇರಲಿಲ್ಲ. ಓದಿ ಹೆದರಬೇಡ. ಹಾಗೇ ಆಗಬೇಕು. ಇಟ್ಟದ್ದು ಇಟ್ಟ ಹಾಗೇ ಇದ್ದಿದ್ದರೆ ನನಗೆ ಸಂಕಟವಾಗುತ್ತಿತ್ತು. ಭೂಮಿ ಉಂಡಿದ್ದಾಳೆ.

ಒಂಬತ್ತು ತುಂಬುತ್ತ ಬಂತು. ಡಾಕ್ಟರಮ್ಮ ಏನೆಂದರು, ಮುಚ್ಚಿಡದೆ ಬರೆ.

ಉಚ್ಚಂಗಮ್ಮ


ಶಿಕಾರಿಪುರ
೨೭ ಡಿಸೆಂಬರ್ ೨೦೨೩

ಅವ್ವಾ,

ಮುಚ್ಚಿಡಲು ಏನೂ ಇಲ್ಲ. "ಮಂಚ ಇಳಿದು ಓಡಾಡಮ್ಮ, ಇನ್ನು ಯಾವಾಗ ಬಂದರೂ ಮಗು ಗಟ್ಟಿ" ಎಂದರು. ಬಾಗಿಲವರೆಗೆ ನಡೆದು ಹೋಗಿ ಬೀದಿ ನೋಡಿದೆ. ಎದುರು ಮನೆಯವರು ಗೇಟಿಗೆ ಹೊಸ ಬಣ್ಣ ಬಳಿಸಿದ್ದಾರೆ, ನನಗೆ ಗೊತ್ತೇ ಇರಲಿಲ್ಲ.

ಭತ್ತದ ಒಕ್ಕಣೆ ಮುಗಿಸಿಕೊಂಡೇ ಬರುತ್ತೀಯ ಎಂದು ಗೊತ್ತು. ಬೇಗ ಮುಗಿಸು.

ಮೈತ್ರಿ


ಹೊಸಬಾಳೆ
೭ ಜನವರಿ ೨೦೨೪

ಮೈತ್ರಿಗೆ,

ಇದನ್ನು ಅಳಿಯಂದಿರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನಾಳೆ ಮೊದಲ ಬಸ್ಸಿಗೆ ನಾನು ಬರುತ್ತೇನೆ. ನಾನು ಬರುವವರೆಗೆ ಮಗುವಿಗೆ ಯಾರೂ ಎಣ್ಣೆ ಹಚ್ಚಬಾರದು. ನೀನು ತಣ್ಣೀರು ಮುಟ್ಟಬಾರದು. ಕಿವಿಗೆ ಬಟ್ಟೆ ಕಟ್ಟಿಕೋ. ಹೆಸರನ್ನು ನೀವಿಬ್ಬರೇ ನೋಡಿ ಇಡಿ. ಅಜ್ಜಿಯ ಹೆಸರು ಇಡುತ್ತೇವೆ ಎಂದು ಅಳಿಯಂದಿರು ಹೇಳುತ್ತಿದ್ದರು. ಬೇಡ. ಉಚ್ಚಂಗಮ್ಮ ಎಂದು ಹಾಜರಿ ಕರೆದರೆ ಈ ಕಾಲದ ಶಾಲೆಯಲ್ಲಿ ಮಕ್ಕಳು ನಗುತ್ತವೆ. ನಕ್ಕರೆ ನಾನು ಶಾಲೆಗೆ ಹೋಗಬೇಕಾಗುತ್ತದೆ.

ಇನ್ನೊಂದು ವಿಷಯ. ಬೇರೆಯವರ ಬಾಯಿಂದ ನಿನಗೆ ತಲುಪುವ ಮೊದಲು ನಾನೇ ಬರೆಯುತ್ತೇನೆ.

ಅಳಿಯಂದಿರ ಬೈಕು ಬಂದು ನಿಂತಾಗ ನಾನು ಕಣದಲ್ಲಿ ಭತ್ತ ತೂರುತ್ತಿದ್ದೆ. ಅವರು ಇಳಿದು ಬಂದು ಹೆಲ್ಮೆಟ್ ತೆಗೆಯದೆ ಹಾಗೇ ನಿಂತರು. ಮುಖ ಕಾಣುತ್ತಿಲ್ಲ, ಮಾತೂ ಇಲ್ಲ. "ತೆಗೆಯೋ ಅದನ್ನ!" ಎಂದು ಗದರಿಬಿಟ್ಟೆ. ಅಳಿಯನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಬೇಸರ ಮಾಡಿಕೊಂಡಿದ್ದಾರೆಯೇ, ಮೆಲ್ಲಗೆ ಕೇಳಿ ತಿಳಿದುಕೋ. ತೆಗೆದರು. ಅಳುತ್ತ ನಗುತ್ತಿದ್ದರು. "ಹೆಣ್ಣು ಮಗು, ಅತ್ತೆ. ಇಬ್ರೂ ಚೆನ್ನಾಗಿದಾರೆ" ಎಂದರು.

ನಾನು ಮೊರ ಕೆಳಗಿಟ್ಟು ಹುಲ್ಲಿನ ಹೊರೆಯ ಮೇಲೆ ಕೂತೆ. ನಿಮ್ಮಪ್ಪ ನೀರು ತಂದುಕೊಟ್ಟರು. ಕುಡಿದು, ಹಾಗೇ ಹಿಂದಕ್ಕೆ ಒರಗಿದ್ದಷ್ಟೇ ಗೊತ್ತು. ಹಗಲು ಹೊತ್ತಿನಲ್ಲಿ, ಕಣದ ನಡುವೆ, ಊರಿನವರೆದುರು ನಿದ್ದೆ ಹೋಗಿದ್ದೇನೆ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಯಾರೋ ಮೈಮೇಲೆ ಕಂಬಳಿ ಹೊದಿಸಿದ್ದರು. ತೂರುವ ಸದ್ದಿಲ್ಲ, ಮಾತಿಲ್ಲ. ತಲೆ ಎತ್ತಿ ನೋಡಿದರೆ ಹೂವಮ್ಮ, ಗುಡ್ಡಪ್ಪ, ನಿಮ್ಮಪ್ಪ, ಅಳಿಯಂದಿರು, ಎಲ್ಲ ಕಣದ ಅಂಚಿನಲ್ಲಿ ಸಾಲಾಗಿ ಕೈ ಕಟ್ಟಿ ಕೂತಿದ್ದಾರೆ.

"ಯಾಕ್ರೇ ಕೆಲಸ ನಿಲ್ಲಿಸಿದ್ರಿ?" ಎಂದು ಗದರಿದೆ.

"ನೀವು ಮಲಗಿದ್ರಲ್ಲ ಅಕ್ಕಾರೆ" ಎಂದಳು ಹೂವಮ್ಮ. "ನಾವು ಯಾವತ್ತೂ ನೋಡಿರ್ಲಿಲ್ಲ."

ನಿನ್ನ ಅವ್ವ